ತೆಳು ಸೆಂಟು

ಶರಣ್ಯಾ ಸೆಂಟು ಹಾಕಿಕೊಳ್ಳಲು ಶುರುಮಾಡಿದ್ದು ಗಂಡನ ಮನೆ ಬಿಟ್ಟು ಬಂದ ಮೇಲೆ. ಅಲ್ಲಿಯವರೆಗೆ ಅವಳ ಪಾಲಿಗೆ ಪರಿಮಳವೆಂದರೆ ಮುಡಿದ ಮಲ್ಲಿಗೆ, ದೇವರ ಮನೆಯ ಊದುಬತ್ತಿ, ಅಮ್ಮನ ರೇಷ್ಮೆ ಸೀರೆಗಳ ನಡುವೆ ಇಟ್ಟ ಗಂಧದ ಚಕ್ಕೆ. ಒಂದು ಸಂಜೆ ದೇವರಾಜ ಅರಸು ರಸ್ತೆಯಲ್ಲಿ ನಡೆದು ಬರುತ್ತಿದ್ದವಳು ಮಳೆ ಜೋರಾಯಿತೆಂದು ಎದುರಿಗೆ ಕಂಡ ಅಂಗಡಿಗೆ ನುಗ್ಗಿದಳು. ಸುಮ್ಮನೆ ನಿಂತಿದ್ದವಳ ಮಣಿಕಟ್ಟಿಗೆ ಅಲ್ಲಿನ ಹುಡುಗಿ ಪುಟ್ಟ ಬಾಟಲಿಯೊಂದರಿಂದ ಪುಸ್ಸೆಂದು ಎರಚಿ, "ಲಿಲಿ ಆಫ್ ದ ವ್ಯಾಲಿ ಮೇಡಂ, ತುಂಬ ಲೈಟು" ಎಂದಳು. ಆಗ ಏನೂ ಗೊತ್ತಾಗಲಿಲ್ಲ. ದಟ್ಟಗಳ್ಳಿಗೆ ಬರುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಕೈ ಮುಖದ ಹತ್ತಿರ ಬಂತು. ಆಗತಾನೇ ಚಿವುಟಿದ ಹಸಿ ದಂಟಿನಂಥ, ಒಗೆದು ನೆರಳಲ್ಲಿ ಒಣಗಿಸಿದ ಬಿಳಿ ಬಟ್ಟೆಯಂಥ ಒಂದು ವಾಸನೆ. ಮಾರನೆಯ ದಿನವೇ ಹೋಗಿ ಕೊಂಡಳು.

ಆ ಹೂವನ್ನು ಅವಳು ಕಣ್ಣಾರೆ ನೋಡಿದವಳಲ್ಲ. ಚಳಿದೇಶದ ಹೂವಂತೆ. ಮೊಬೈಲಿನಲ್ಲಿ ಹುಡುಕಿದರೆ, ಒಂದು ಸಣ್ಣ ದಂಟಿಗೆ ಸಾಲಾಗಿ ತೂಗುಬಿದ್ದ ಬಿಳಿಯ ಗಂಟೆಗಳು ಕಂಡವು, ಎಲ್ಲವೂ ತಲೆ ತಗ್ಗಿಸಿದಂತೆ. ಅಮ್ಮ ಶಾರದ ಬಾಟಲಿಯನ್ನು ಮೂಗಿಗೆ ಹಿಡಿದು, "ಇದಕ್ಕೆ ವಾಸನೇನೇ ಇಲ್ವಲ್ಲೇ! ನೀರು ಮಾರಿದಾರೆ ಕಣೇ ನಿಂಗೆ" ಎಂದರು. ಶರಣ್ಯಾ ನಕ್ಕು ಸುಮ್ಮನಾದಳು. ಯಾರಿಗೂ ಗೊತ್ತಾಗದಿರುವುದೇ ಅವಳಿಗೆ ಬೇಕಾಗಿತ್ತು. ಬೆಳಿಗ್ಗೆ ಸರಸ್ವತಿಪುರದ ಕಣ್ಣಿನ ಕ್ಲಿನಿಕ್ಕಿಗೆ ಹೊರಡುವ ಮುಂಚೆ ಕುತ್ತಿಗೆಗೊಂದು, ಮಣಿಕಟ್ಟಿಗೊಂದು. ಹಗಲೆಲ್ಲ ಕತ್ತಲ ಕೋಣೆಯಲ್ಲಿ ಕೂತು ಜನರ ಕಣ್ಣಿಗೆ ಗಾಜು ಬದಲಿಸುತ್ತ "ಈಗ ಚೆನ್ನಾಗಿ ಕಾಣುತ್ತಾ, ಮುಂಚಿಂದೇ ಚೆನ್ನಾಗಿತ್ತಾ?" ಎಂದು ಕೇಳುವ ಕೆಲಸ ಅವಳದು. ಕೈಯೆತ್ತಿದಾಗಲೆಲ್ಲ ಒಂದೆಳೆ ಪರಿಮಳ ಬಂದು ಹೋಗುತ್ತಿತ್ತು. ಅಷ್ಟು ಸಾಕಾಗಿತ್ತು.

ಹೀಗೆ ವರ್ಷಗಳು ಕಳೆದವು. ಅವಳಿಗೆ ಮೂವತ್ತಾರು ತುಂಬಿದಾಗ ಶಾರದ ಅವರು ಸಂಗೀತ ಕಚೇರಿಯಲ್ಲಿ ಪರಿಚಯವಾದ ನಾಗಮಣಿ ಎಂಬವರ ಮಗನ ವಿಷಯ ತೆಗೆದರು. ನಾಗಮಣಿಯವರದು ಯಾದವಗಿರಿಯ ಹಳೆಯ ಮನೆತನ. ಮಾವನ ಕಾಲದವರೆಗೂ ಅರಮನೆಯ ಕಚೇರಿಯಲ್ಲಿ ನೌಕರಿ; ಗಂಡ ದೊರೆಸ್ವಾಮಿಗಳು ಮಾತ್ರ ಎಲ್ಲ ಬಿಟ್ಟು ಕಾಫಿಪುಡಿ ಅಂಗಡಿ ಇಟ್ಟರು. ಅವರು ತೀರಿಕೊಂಡ ಮೇಲೆ ಮಗ ವಾಗೀಶ ನಡೆಸುತ್ತಿದ್ದ. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಶರಣ್ಯಾಳಿಗೆ ಒಂದು ಮದುವೆ ಮುರಿದಿರುವುದು ಅವರಿಗೆ ಗೊತ್ತಿತ್ತು, ತಕರಾರಿರಲಿಲ್ಲ.

ಚೆಲುವಾಂಬ ಪಾರ್ಕಿನಲ್ಲಿ ಭೇಟಿ. ನಾಗಮಣಿ ಎರಡೂ ಕೈಗಳಿಂದ ಶರಣ್ಯಾಳ ಕೈ ಹಿಡಿದು ಮಾತಾಡಿಸಿದರು. ಆಮೇಲೆ ಅಮ್ಮಂದಿರಿಬ್ಬರೂ ಬೆಂಚಿನ ಮೇಲೆ ಕೂತರು, ಇವರಿಬ್ಬರೂ ಪಾರ್ಕು ಸುತ್ತಲು ಹೊರಟರು. ವಾಗೀಶ ಎತ್ತರದ ಆಳು, ನಿಧಾನದ ನಡಿಗೆ, ಮಾತು ಇನ್ನೂ ನಿಧಾನ. ಮೊದಲ ಸುತ್ತಿನಲ್ಲಿ ಕಾಫಿಬೀಜದ ಬೆಲೆ ಏರಿದ್ದನ್ನು ಹೇಳಿದ. ಅಷ್ಟರಲ್ಲಿ ನಾಗಮಣಿ ಕೈಯೆತ್ತಿ ಕರೆದು ನೀರಿನ ಬಾಟಲಿ ಕೊಟ್ಟರು. ಎರಡನೆಯ ಸುತ್ತಿನಲ್ಲಿ ಅರ್ಧ ದಾರಿ ಸುಮ್ಮನೆ ನಡೆದವನು ಇದ್ದಕ್ಕಿದ್ದಂತೆ ಹೇಳಿದ: "ನೀವು ಹಾಕ್ಕೊಂಡಿರೋ ಸೆಂಟು ತುಂಬ ಚೆನ್ನಾಗಿದೆ. ಜಾಸ್ತಿ ಅಲ್ಲ. ಹತ್ತಿರ ಬಂದ್ರೆ ಮಾತ್ರ ಗೊತ್ತಾಗೋ ಹಾಗಿದೆ."

ಶರಣ್ಯಾಳ ಹೆಜ್ಜೆ ತಡೆಯಿತು. ಇಷ್ಟು ವರ್ಷಗಳಲ್ಲಿ ಕ್ಲಿನಿಕ್ಕಿನಲ್ಲಾಗಲಿ, ಬಸ್ಸಿನಲ್ಲಾಗಲಿ, ಮನೆಯಲ್ಲಾಗಲಿ ಯಾರೂ ಈ ಮಾತು ಆಡಿರಲಿಲ್ಲ. ಅವಳು ಥ್ಯಾಂಕ್ಸ್ ಎಂದಳು. ಮನೆಗೆ ಬಂದು ಕಾಲು ತೊಳೆಯುವ ಮೊದಲೇ ಅಮ್ಮನಿಗೆ "ಆಗಬಹುದು" ಎಂದೂ ಹೇಳಿಬಿಟ್ಟಳು.

ಕಾರ್ತಿಕದಲ್ಲಿ ಮದುವೆ ಎಂದು ನಿಶ್ಚಯವಾಯಿತು. ಭಾನುವಾರಗಳಂದು ಇಬ್ಬರೂ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದರು. ಅವನು ಒಳ್ಳೆಯವನೆನಿಸಿತು. ಬೇಗ ಬೇಗ ನಡೆದರೆ ನಿಲ್ಲಿಸಿ "ಸ್ವಲ್ಪ ನಿಧಾನ" ಎನ್ನುತ್ತಿದ್ದ, ಕಡಲೆಕಾಯಿ ಕೊಂಡರೆ ಸಿಪ್ಪೆ ಬಿಡಿಸಿ ಕೊಡುತ್ತಿದ್ದ. ಹೊರಡುವಾಗ ತಪ್ಪದೆ ಸೆಂಟಿನ ಮಾತು ಬರುತ್ತಿತ್ತು: "ಇವತ್ತೂ ಅದೇನಾ? ಚೆನ್ನಾಗಿದೆ." ಆ ಮಾತಿಗಾಗಿ ಅವಳು ಕಾಯತೊಡಗಿದ್ದಳು.

ದಸರಾ ಗದ್ದಲ ಮುಗಿದ ವಾರ ಅವಳಿಗೆ ನೆಗಡಿ ಹಿಡಿಯಿತು. ಸೆಂಟಿನ ಗೊಡವೆಗೆ ಹೋಗದೆ, ಹಣೆಗೂ ಕುತ್ತಿಗೆಗೂ ನೀಲಗಿರಿ ಎಣ್ಣೆ ಬಳಿದುಕೊಂಡು, ಕರ್ಚೀಫಿಗೂ ನಾಲ್ಕು ಹನಿ ಹಾಕಿಕೊಂಡು ಹೊರಟಳು. ಆಟೋದವನು ಕನ್ನಡಿಯಲ್ಲಿ ನೋಡಿ, "ನೆಗಡಿಯಾ ಮೇಡಂ? ನಂಗೂ ಮೂಗು ಬಿಟ್ಕೊಳ್ತು ನೋಡಿ" ಎಂದ. ಕೆರೆಯ ಬಳಿ ವಾಗೀಶ ಪಕ್ಕದಲ್ಲೇ ನಡೆದ, ಕಲ್ಲುಬೆಂಚಿನ ಮೇಲೆ ಪಕ್ಕದಲ್ಲೇ ಕೂತ. ಹೊರಡುವಾಗ ಎಂದಿನಂತೆ ನಕ್ಕು, "ನಿಮ್ಮ ಸೆಂಟು ಇವತ್ತೂ ಘಮ್ ಅಂತಿದೆ" ಎಂದ.

ಶರಣ್ಯಾ ಅವನ ಮುಖ ನೋಡಿದಳು. ತಮಾಷೆಯ ಸುಳಿವೇ ಇರಲಿಲ್ಲ. "ಹೂಂ" ಎಂದು ಆಟೋ ಹತ್ತಿದಳು.

ಆವತ್ತಿನಿಂದ ಶುರುವಾಯಿತು ಚಡಪಡಿಕೆ. ಮನೆಗೆ ಬಂದವಳು ದುಪಟ್ಟಾ ಮೂಸಿದಳು. ಹಳೆಯ ಸೆಂಟೇನಾದರೂ ಉಳಿದಿತ್ತೇ? ಬರೀ ನೀಲಗಿರಿ. ಕ್ಲಿನಿಕ್ಕಿನಲ್ಲಿ ಒಬ್ಬರ ಎಡಗಣ್ಣಿಗೆ ಹಾಕಬೇಕಾದ ಗಾಜನ್ನು ಬಲಗಣ್ಣಿಗೆ ಹಾಕಿ ಬೈಸಿಕೊಂಡಳು. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯದು. ಮನೆಯಲ್ಲಿ ಅಮ್ಮ ಜಾಕೀಟಿನ ಬಟ್ಟೆ ಹಿಡಿದು "ಈ ಅಂಚು ಹೊಂದುತ್ತೇನೇ?" ಎಂದು ಕೇಳಿದರೆ "ಯಾವುದಾದ್ರೂ ಆಗುತ್ತಮ್ಮ" ಎಂದು ಟೆರೇಸಿಗೆ ಹೋಗಿ ನೀರಿನ ಟ್ಯಾಂಕಿನ ಸುತ್ತ ತಿರುಗುತ್ತಿದ್ದಳು.

ಕಣ್ಣು ಪರೀಕ್ಷೆಗೆ ಬರುವವರಲ್ಲಿ ಸುಳ್ಳು ಹೇಳುವವರು ಎಷ್ಟೋ ಜನ. ಕಾಣದ ಅಕ್ಷರವನ್ನು ಕಾಣುತ್ತದೆ ಎನ್ನುತ್ತಾರೆ. ಡ್ರೈವಿಂಗ್ ಲೈಸೆನ್ಸಿಗೆ ಬಂದವರು, ಕನ್ನಡಕ ಬೇಡವೆಂದು ಹಟ ಹಿಡಿದ ಕಾಲೇಜು ಹುಡುಗಿಯರು, ವಯಸ್ಸು ಒಪ್ಪಿಕೊಳ್ಳದ ಮೇಷ್ಟ್ರುಗಳು. ಅವರನ್ನು ಕಂಡುಹಿಡಿಯುವುದು ಅವಳಿಗೆ ಕಷ್ಟವಿರಲಿಲ್ಲ. ನಿಜವಾಗಿ ಕಾಣುವವರು ಸ್ವಲ್ಪ ತಡವರಿಸುತ್ತಾರೆ. ಕಾಣದವರು ಥಟ್ಟನೆ ಹೇಳುತ್ತಾರೆ. ವಾಗೀಶ ಎಲ್ಲ ಮಾತಿಗೂ ನಿಧಾನ, ಸೆಂಟಿನ ಮಾತೊಂದು ಮಾತ್ರ ಥಟ್ಟನೆ. ಹಾಜರಿ ಪುಸ್ತಕಕ್ಕೆ ರುಜು ಹಾಕಿ ಹೊರಡುವವನ ಹಾಗೆ.

ಮುಂದಿನ ಭಾನುವಾರ ಬೇಕೆಂದೇ ಏನೂ ಹಾಕಿಕೊಳ್ಳದೆ ಹೋದಳು. ಸೋಪಿನ ವಾಸನೆಯೂ ಉಳಿಯದಂತೆ ಮಧ್ಯಾಹ್ನವಿಡೀ ಬಿಸಿಲಲ್ಲಿ ಓಡಾಡಿ, ಬೆವರಿ ಹೋದಳು. ಅವನು ಅದೇ ಮಾತು ಹೇಳಿದ.

ಅವಳಿಗೆ ಹೆದರಿಕೆಯಾಯಿತು. ಇದಕ್ಕೆ ಕಾರಣವಿತ್ತು. ಅವಳ ಮೊದಲ ಗಂಡ ತುಮಕೂರಿನವನು. ಕುಡಿಯುತ್ತಿರಲಿಲ್ಲ, ಕೈಯೆತ್ತುತ್ತಿರಲಿಲ್ಲ, ಜೋರುಮಾತು ಕೂಡ ಇಲ್ಲ. ದಿನಾ ಬೆಳಿಗ್ಗೆ ಅವಳು ಕಟ್ಟಿಕೊಟ್ಟ ಬುತ್ತಿ ಹಿಡಿದು ಆಫೀಸಿಗೆ ಹೋಗಿ ಸಂಜೆ ಬರುತ್ತಿದ್ದ, ಆಫೀಸಿನ ಸುದ್ದಿ ಹೇಳುತ್ತಿದ್ದ. ಯಾರಿಗೆ ಬಡ್ತಿಯಾಯಿತು, ಯಾರ ಮಗಳ ನಾಮಕರಣ, ಕ್ಯಾಂಟೀನಿನಲ್ಲಿ ಏನು ಜಗಳ. ಒಂದು ದಿನ ತರಕಾರಿ ಮಾರುಕಟ್ಟೆಯಲ್ಲಿ ಅವನ ಆಫೀಸಿನವರೊಬ್ಬರು ಸಿಕ್ಕಿ, "ಈಗೆಲ್ಲಿ ಕೆಲಸ ಮಾಡ್ತಿದಾರಮ್ಮ ನಿಮ್ಮನೆಯವರು?" ಎಂದು ಕೇಳಿದರು. ಕೆಲಸ ಹೋಗಿ ಎಷ್ಟೋ ತಿಂಗಳಾಗಿತ್ತು. ಕೆಲಸ ಹೋದದ್ದು ಅವಳಿಗೆ ದೊಡ್ಡದಾಗಿ ಕಾಣಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕೂತು ಅವನು ದಿನದಿನವೂ ಹೊಸೆದ ಆ ನಾಮಕರಣ, ಆ ಜಗಳ, ಅವಕ್ಕೆಲ್ಲ ತಾನು ನಕ್ಕಿದ್ದು, ಮರುಗಿದ್ದು ಸಹಿಸಲಾಗಲಿಲ್ಲ. ಆಮೇಲೆ ಅವನು "ಮಳೆ ಬರ್ತಿದೆ" ಎಂದರೂ ಅವಳು ಕಿಟಕಿಯಾಚೆ ಕೈ ಚಾಚಿ ನೋಡುತ್ತಿದ್ದಳು. ಹಾಗೆ ಬದುಕುವುದು ಆಗದೆ ಬಂದುಬಿಟ್ಟಳು.

ಈಗ ಮತ್ತೆ ಅದೇ ಕಥೆಯೇ?

ಮದುವೆ ಹತ್ತಿರವಾಗುತ್ತಿತ್ತು. ಕೇಳಿಬಿಡುವುದೇ ಸರಿ ಎಂದು ನಿಶ್ಚಯಿಸಿ ಒಂದು ಮಧ್ಯಾಹ್ನ ಅರ್ಧ ದಿನ ರಜ ಹಾಕಿದಳು. ಬೆಳಿಗ್ಗೆ ಎಂದಿನಂತೆ ಸೆಂಟು ಹಾಕಿಕೊಂಡಿದ್ದಳು. ಯಾದವಗಿರಿಯಲ್ಲಿ ಆಟೋ ಇಳಿದು ಅಂಗಡಿಯ ಬೀದಿಗೆ ತಿರುಗುತ್ತಿದ್ದ ಹಾಗೆಯೇ ಮೂಗಿಗೆ ಘಾಟು ಬಡಿಯಿತು. ಕಾಫಿ ಹುರಿಯುವ ಹಿತವಾದ ವಾಸನೆಯಲ್ಲ, ಸೀದ ವಾಸನೆ. ಅಂಗಡಿಯ ಹಿಂಬದಿಯ ಗವಾಕ್ಷಿಯಿಂದ ನೀಲಿ ಹೊಗೆ ಸುತ್ತಿ ಸುತ್ತಿ ಬರುತ್ತಿತ್ತು. ಎದುರು ಫುಟ್‌ಪಾತಿನಲ್ಲಿ ಹೂವು ಮಾರುವ ಕೆಂಚಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೂಗುತ್ತಿದ್ದಳು: "ಸ್ವಾಮ್ಯೋರೇ! ಒಳಗೆಲ್ಲ ಸೀದೋಯ್ತಾ ಅದೆ! ಸ್ವಾಮ್ಯೋರೇ!"

ಅಂಗಡಿಯಲ್ಲಿ ಪುಡಿ ಮಾಡುವ ಮಿಷನ್ನು ಗರಗರ ತಿರುಗುತ್ತಿತ್ತು. ಅದರ ಸದ್ದಿಗೆ ಕೆಂಚಮ್ಮನ ಕೂಗು ಕೇಳುವಂತಿರಲಿಲ್ಲ. ವಾಗೀಶ ಹಿಂದಿನ ಕೋಣೆಗೆ ಬೆನ್ನು ಹಾಕಿ, ತಲೆ ತಗ್ಗಿಸಿ ನಿಂತು, ಬೀಳುತ್ತಿದ್ದ ಪುಡಿಯನ್ನು ಪೊಟ್ಟಣಕ್ಕೆ ಹಿಡಿಯುತ್ತಿದ್ದ. ಹೊಗೆ ಹಿಂದಿನ ಕೋಣೆಯಿಂದ ಬಾಗಿಲ ಸಂದಿಗೆ ಬಂದು, ಅವನ ಭುಜದ ಪಕ್ಕದಲ್ಲೇ ತೇಲಿ ಹೋಗುತ್ತಿತ್ತು. ಅವನು ಒಂದಿಷ್ಟೂ ತಿರುಗಲಿಲ್ಲ. ಪೊಟ್ಟಣದ ಬಾಯಿ ಮಡಚಿ, ಒತ್ತಿ, ಅದನ್ನು ಮೂಗಿನ ಹತ್ತಿರ ತಂದು, ಗಿರಾಕಿಗಳ ಮುಂದೆ ಮಾಡುವ ಅಭ್ಯಾಸದಿಂದಲೋ ಏನೋ, ಕಣ್ಣು ಮುಚ್ಚಿ ಉಸಿರೆಳೆದುಕೊಂಡು ತಲೆಯಾಡಿಸಿದ. ಹಿಂದೆ ಎಲ್ಲವೂ ಸುಡುತ್ತಿತ್ತು.

ಶರಣ್ಯಾಳಿಗೆ ಎಲ್ಲ ಒಟ್ಟಿಗೆ ಹೊಳೆಯಿತು.

ಅವಳು ಕೌಂಟರಿನ ಹಲಗೆ ಎತ್ತಿ ಒಳಗೆ ನುಗ್ಗಿದಳು. ಹಿಂದಿನ ಕೋಣೆಯಲ್ಲಿ ಹುರಿಯುವ ಡ್ರಮ್ಮು ನಿಂತುಹೋಗಿತ್ತು. ಬೆಲ್ಟು ಕಳಚಿ ನೆಲದ ಮೇಲೆ ಬಿದ್ದಿತ್ತು, ಕೆಳಗೆ ಬೆಂಕಿ ಉರಿಯುತ್ತಲೇ ಇತ್ತು. ಕೆಮ್ಮುತ್ತ ಗ್ಯಾಸು ತಿರುಗಿಸಿ ಆರಿಸಿದಳು. ಅಷ್ಟರಲ್ಲಿ ವಾಗೀಶ ಓಡಿಬಂದ. ಹೊಗೆ ನೋಡಿದ, ಡ್ರಮ್ಮು ನೋಡಿದ, ಆಮೇಲೆ ಅವಳನ್ನು ನೋಡಿದ. ಬಾಗಿಲಲ್ಲಿ ಗಿರಾಕಿಯೊಬ್ಬರು ಇಣುಕಿ, "ಏನ್ರೀ ಇದು, ಬೀದಿಗೆಲ್ಲ ಬಡಿತಾ ಇದೆ, ನಿಮಗೆ ಮೂಗಿಲ್ವೇನ್ರೀ?" ಎಂದು ನಗುತ್ತ ಕೇಳಿದರು. ವಾಗೀಶನ ಮುಖ ಬೂದಿಯಂತಾಯಿತು.

"ಬೆಲ್ಟು ಕಳಚಿತ್ತು, ಸರಿಯಾಯ್ತು" ಎಂದು ಶರಣ್ಯಾಳೇ ಹೇಳಿ ಅವರನ್ನು ಸಾಗಹಾಕಿದಳು.

ಇಬ್ಬರೂ ಸೇರಿ ಕಿಟಕಿಗಳನ್ನು ತೆಗೆದರು. ಡ್ರಮ್ಮಿನ ಬಾಯಿ ತೆರೆದಾಗ ಇದ್ದಿಲಂಥ ಬೀಜಗಳು ಜರ್ರೆಂದು ತಟ್ಟೆಗೆ ಬಿದ್ದವು. ಹುರಿಯುವ ಕೆಲಸದ ಮಹದೇವು ಆವತ್ತು ಇರಲಿಲ್ಲ. ಕುಂಬಾರಕೊಪ್ಪಲಿನ ಅವನ ಮನೆಯಲ್ಲಿ ಮಗಳ ಸೀಮಂತ.

"ಯಾವಾಗಿಂದ?" ಎಂದು ಕೇಳಿದಳು ಶರಣ್ಯಾ.

ಅವನು ಮೂಟೆಯ ಮೇಲೆ ಕುಸಿದು ಕೂತ. "ನಾಲ್ಕು ವರ್ಷ ಆಯ್ತು. ಅಪ್ಪಂಗೂ ನಂಗೂ ಒಟ್ಟಿಗೇ ಜ್ವರ ಬಂತು. ಅಪ್ಪ ಹೋದ್ರು. ನಂಗೆ ಇದು ಹೋಯ್ತು" ಎಂದು ಮೂಗು ಮುಟ್ಟಿಕೊಂಡ. "ಮೊದಮೊದಲು ವಾಪಸ್ ಬರುತ್ತೆ ಅಂದ್ರು ಡಾಕ್ಟ್ರು. ಈಗ ಅವರೂ ಏನೂ ಅನ್ನಲ್ಲ. ಕಾಫಿ ಕುಡಿದ್ರೆ ಬಿಸಿ ಗೊತ್ತಾಗುತ್ತೆ, ಕಹಿ ಗೊತ್ತಾಗುತ್ತೆ. ಅದು ಕಾಫಿ ಅಂತ ಗೊತ್ತಾಗಲ್ಲ."

"ಯಾರ‍್ಯಾರಿಗೆ ಗೊತ್ತು?"

"ಅಮ್ಮಂಗೆ. ಮಹದೇವುಗೆ. ಅವನು ಇರೋದರಿಂದ ನಡೀತಿದೆ. ಕಾಫಿಪುಡಿ ಅಂಗಡಿಯವನಿಗೆ ಮೂಗಿಲ್ಲ ಅಂದ್ರೆ ಯಾರು ಬರ್ತಾರೆ ಹೇಳಿ?"

"ನಾನು ಗಿರಾಕಿಗಳ ವಿಷಯ ಕೇಳ್ತಿಲ್ಲ. ನನಗ್ಯಾಕೆ ಹೇಳ್ಲಿಲ್ಲ?"

ಅವನು ಕೈಯಲ್ಲಿದ್ದ ಸೀದ ಬೀಜವನ್ನು ಪುಡಿ ಮಾಡುತ್ತ ಕೂತ. "ಮೊದಲನೇ ದಿನ ಒಂದು ಸುಳ್ಳು ಹೇಳ್ಬಿಟ್ಟೆ. ನಿಮಗೆ ಆ ಮಾತು ಎಷ್ಟು ಇಷ್ಟ ಆಯ್ತು ಅಂತ ಮುಖದಲ್ಲೇ ಕಾಣ್ತು. ಆಮೇಲೆ ಅದನ್ನ ವಾಪಸ್ ತಗೊಳ್ಳೋದು ಹೇಗೆ ಅಂತ ತಿಳೀಲಿಲ್ಲ. ಇನ್ನೊಂದು ಸಲ ಹೇಳಿದೆ. ಆಮೇಲೆ ಅಭ್ಯಾಸ ಆಗೋಯ್ತು."

"ನೀಲಗಿರಿ ಎಣ್ಣೆ ಬಳ್ಕೊಂಡು ಬಂದಿದ್ದೆ ಒಂದಿನ. ಆಟೋದವನಿಗೆ ಮೂಗು ಬಿಟ್ಕೊಳ್ತು."

ವಾಗೀಶ ಕಣ್ಣು ಮುಚ್ಚಿಕೊಂಡ.

"ಮೂಗಿಲ್ಲ ಅಂದಿದ್ರೆ ನನಗೇನೂ ಆಗ್ತಿರಲಿಲ್ಲ, ವಾಗೀಶ್. ಆ ಒಂದು ಮಾತಿಗೆ ನಾನು ಒಪ್ಪಿಬಿಟ್ಟೆ. ಗೊತ್ತಾ ನಿಮಗೆ? ಆ ಒಂದೇ ಮಾತಿಗೆ." ತುಮಕೂರಿನ ಕಥೆಯನ್ನು, ಬುತ್ತಿಯನ್ನು, ನಾಮಕರಣವನ್ನು ಗಡಿಬಿಡಿಯಲ್ಲಿ ಹೇಳಿದಳು. ಇಷ್ಟು ವಿವರವಾಗಿ ಅವಳು ಯಾರಿಗೂ ಹೇಳಿರಲಿಲ್ಲ. ಅವನು ಕ್ಷಮಿಸಿ ಎನ್ನುವ ಮುಂಚೆಯೇ ಹೊರಟುಬಿಟ್ಟಳು.

ಮನೆಯಲ್ಲಿ ಶಾರದ ಎಲ್ಲ ಕೇಳಿ ನಿಟ್ಟುಸಿರು ಬಿಟ್ಟರು. "ಅಷ್ಟೇನಾ? ನಾನು ಏನೋ ಅಂದ್ಕೊಂಡು ಎದೆ ಒಡೆದುಕೊಂಡೆ. ಕುಡಿಯಲ್ಲ, ಹೊಡೆಯಲ್ಲ, ಮೂಗು ತಾನೆ ಕಣೇ!"

"ಮೊದಲನೆಯವನೂ ಕುಡೀತಿರಲಿಲ್ಲಮ್ಮ."

ಶಾರದ ಜಾಕೀಟಿನ ಬಟ್ಟೆಗಳನ್ನು ಮಡಿಸಿ ಬೀರುವಿನಲ್ಲಿಟ್ಟರು.

ವಾಗೀಶನ ಫೋನು ಬಂದರೆ ಶರಣ್ಯಾ ಎತ್ತಲಿಲ್ಲ. ಅವನು ಮೆಸೇಜು ಕಳಿಸಲಿಲ್ಲ. ಅದೂ ಅವಳನ್ನು ಕಾಡಿತು. ಕಳಿಸಿದ್ದರೆ ಇನ್ನೂ ಕಾಡುತ್ತಿತ್ತೇನೋ. ಬೆಳಿಗ್ಗೆ ಸೆಂಟಿನ ಬಾಟಲಿ ಕೈಗೆತ್ತಿಕೊಂಡು ಹಾಗೇ ಇಟ್ಟುಬಿಡುತ್ತಿದ್ದಳು. ಇದನ್ನು ಇಷ್ಟು ದಿನ ಯಾರಿಗಾಗಿ ಹಾಕಿಕೊಳ್ಳುತ್ತಿದ್ದೆ? ಮೊದಲು ತನಗಾಗಿ, ಅದು ಖಚಿತ. ಆಮೇಲೆ ಯಾವ ಭಾನುವಾರದಿಂದ ಅವನಿಗಾಗಿ ಆಯಿತು? ಅವನಿಗೆ ತಲುಪದೇ ಇದ್ದದ್ದನ್ನು ಅವನಿಗೆಂದು ಹಾಕಿಕೊಂಡು ಹೋದೆನಲ್ಲ ಎಂದು ನಾಚಿಕೆ, ಸಿಟ್ಟು ಎರಡೂ ಬರುತ್ತಿದ್ದವು. ಒಂದು ದಿನ ಕ್ಲಿನಿಕ್ಕಿನಿಂದ ಮನೆಯವರೆಗೂ ನಡೆದೇ ಬಂದಳು. ಕಾಲು ನೋಯಿತು, ಮನಸ್ಸು ಮಾತ್ರ ಎಲ್ಲೂ ನಿಲ್ಲಲಿಲ್ಲ.

ಹೀಗಿರುವಾಗ ನಾಗಮಣಿ ಒಬ್ಬರೇ ಆಟೋ ಮಾಡಿಕೊಂಡು ದಟ್ಟಗಳ್ಳಿಗೆ ಬಂದರು. ಶಾರದ ಕೊಟ್ಟ ನೀರನ್ನು ಕುಡಿದು, ಶರಣ್ಯಾಳನ್ನು ಎದುರಿಗೆ ಕೂರಿಸಿಕೊಂಡು, ಪೀಠಿಕೆಯಿಲ್ಲದೆ ಹೇಳಿದರು: "ಅವನಿಗೆ ಆ ಮಾತು ಹೇಳಿಕೊಟ್ಟಿದ್ದು ನಾನು ಕಣಮ್ಮ."

"ಯಾವ ಮಾತು?"

"ಸೆಂಟಿಂದು. ಆವತ್ತು ಪಾರ್ಕಿನಲ್ಲಿ ನಿನ್ನ ಕೈ ಹಿಡಿದಾಗಲೇ ನಂಗೆ ಗೊತ್ತಾಯ್ತು. ಎಷ್ಟು ನವಿರಾಗಿತ್ತು! ಮಗು, ನನ್ನ ಮಗನ ಮಾತು ನಿಂಗೆ ಗೊತ್ತಲ್ಲ. ಹಿಂದೆ ನೋಡಿದ ಹುಡುಗಿಯರಿಗೆಲ್ಲ ಕಾಫಿಬೀಜದ ರೇಟು ಹೇಳಿ ಕಳಿಸಿದಾನೆ. ನಿಂಗೂ ಅದನ್ನೇ ಹೇಳ್ತಾನೆ ಅಂತ ಹೆದರಿಕೆ ಆಯ್ತು. ನೀರಿನ ಬಾಟಲಿ ಕೊಡೋ ನೆಪದಲ್ಲಿ ಕರೆದು, 'ಸೆಂಟು ಚೆನ್ನಾಗಿದೆ ಅನ್ನೋ, ಹತ್ತಿರ ಬಂದ್ರೇನೇ ಗೊತ್ತಾಗೋದು ಅನ್ನೋ' ಅಂದೆ. ಅವನು ಗಿಣಿ ಹಾಗೆ ಒಪ್ಪಿಸಿದ. ಅಷ್ಟಕ್ಕೆ ಮುಗೀತು ಅಂದ್ಕೊಂಡಿದ್ದೆ. ವಾರವಾರವೂ ಹೇಳ್ತಿದಾನೆ ಅಂತ ನಂಗೇನು ಗೊತ್ತು!"

ಶರಣ್ಯಾಳಿಗೆ ಮೊದಲು ನಗು ಬಂತು. ನಗುತ್ತ ನಗುತ್ತಲೇ ಕಣ್ಣು ತುಂಬಿತು. ಅಷ್ಟು ವರ್ಷಗಳಲ್ಲಿ ಅವಳ ಸೆಂಟನ್ನು ಗುರುತಿಸಿದ ಒಂದೇ ಒಂದು ಜೀವ ಎದುರಿಗೆ ಕೂತ ಈ ಬಿಳಿಗೂದಲ ಹೆಂಗಸು.

"ಹಾಗಾದ್ರೆ ನಾನು ಒಪ್ಪಿದ್ದು ನಿಮ್ಮನ್ನ" ಎಂದಳು.

"ಹಾಗೇ ಅಂದ್ಕೋ. ಹೇಗೂ ಮನೆಯಲ್ಲಿ ಇರ್ತೀನಲ್ಲ" ಎಂದರು ನಾಗಮಣಿ, ಅಳುಕುತ್ತಲೇ.

ಶಾರದ ಅಡುಗೆಮನೆಯಲ್ಲಿ ಕಿವಿಗೊಟ್ಟು ನಿಂತಿದ್ದರು. ಎಲ್ಲ ಸರಿಹೋಯಿತೆಂದುಕೊಂಡು ಉಪ್ಪಿಟ್ಟಿಗೆ ರವೆ ಹುರಿಯಲಿಟ್ಟರು. ಆದರೆ ಶರಣ್ಯಾ ಕಣ್ಣೊರೆಸಿಕೊಂಡು ಹೇಳಿದಳು: "ಕಾರ್ತಿಕದಲ್ಲಿ ಬೇಡ ಆಂಟಿ. ನನಗೆ ಕಾಲ ಬೇಕು. ಎಷ್ಟು ಅಂತ ಗೊತ್ತಿಲ್ಲ. ಬೇಡ ಅಂತಾನೇ ಆಗಬಹುದು."

ಗೊತ್ತುಮಾಡಿದ್ದ ಛತ್ರ ಬಿಟ್ಟುಕೊಟ್ಟರು. ನೆಂಟರು ಫೋನು ಮಾಡಿ ಕೆದಕಿದರು. "ಹುಡುಗಿಗೆ ಮತ್ತೆ ಏನೋ ತಲೆಗೆ ಹೊಕ್ಕಿದೆ" ಎಂದು ಒಬ್ಬರು ಶಾರದ ಅವರಿಗೇ ಹೇಳಿದರು. ಶಾರದ ಫೋನಿಟ್ಟು ಬಂದು ಮಗಳಿಗೆ ಮಾತ್ರ ಏನೂ ಅನ್ನಲಿಲ್ಲ.

ಕಾರ್ತಿಕ ಕಳೆಯಿತು. ಒಂದು ಬೆಳಿಗ್ಗೆ ಶರಣ್ಯಾ ಯೋಚಿಸದೆ ಸೆಂಟು ಹಾಕಿಕೊಂಡಳು. ಬಸ್ಸಿನಲ್ಲಿ ಕಂಬಿ ಹಿಡಿದಾಗ ಪರಿಮಳ ಬಂತು, ಹಿತವೆನಿಸಿತು. ಇದು ನನ್ನದೇ ಎಂದುಕೊಂಡಳು. ಮಧ್ಯಾಹ್ನ ತಾನೇ ವಾಗೀಶನಿಗೆ ಫೋನು ಮಾಡಿದಳು.

"ಭಾನುವಾರ ಕೆರೆ ಹತ್ರ ಬನ್ನಿ. ಒಂದು ಷರತ್ತು. ನನ್ನ ಮನಸ್ಸಿಗೆ ಹಿತ ಆಗ್ಲಿ ಅಂತ ಏನೂ ಹೇಳಬಾರದು. ನಾನೂ ಹೇಳಲ್ಲ."

ಆ ಭಾನುವಾರ ಅವನು ಬಹಳ ಹೊತ್ತು ಮಾತಾಡಲೇ ಇಲ್ಲ. ಮಾತಾಡಿದರೆ ಎಲ್ಲಿ ಸುಳ್ಳಾಗುತ್ತದೋ ಎಂಬ ಭಯ. ಕಡೆಗೆ ಹೇಳಿದ: "ನಂಗೆ ಈ ಏರಿ ಮೇಲೆ ನಡೆಯೋದು ಇಷ್ಟ ಇಲ್ಲ. ಮೊಣಕಾಲು ನೋಯುತ್ತೆ. ಮೊದಲನೇ ವಾರದಿಂದಲೂ ನೋಯ್ತಿದೆ."

"ಮತ್ತೆ?"

"ನಿಮ್ಮಮ್ಮನ ಹುಳಿಯಲ್ಲಿ ಉಪ್ಪು ಜಾಸ್ತಿ. ನಂಗೆ ಗೊತ್ತಾಗೋದೇ ಉಪ್ಪು, ಹುಳಿ, ಕಹಿ. ಅದಕ್ಕೇ ಚೆನ್ನಾಗಿ ಗೊತ್ತಾಗುತ್ತೆ."

ಶರಣ್ಯಾ ನಗದಿರಲು ತುಟಿ ಕಚ್ಚಿಕೊಂಡಳು. "ನಿಮ್ಮ ಮೀಸೆ ನನಗೆ ಇಷ್ಟ ಇಲ್ಲ" ಎಂದಳು. ಮುಂದಿನ ವಾರದಿಂದ ಅವರು ನಡೆಯಲಿಲ್ಲ, ಬೆಂಚಿನ ಮೇಲೆ ಕೂತರು. ಮೀಸೆ ಹಾಗೇ ಇತ್ತು. "ನಂಗೆ ಇಷ್ಟ" ಎಂದ ಅವನು. ಅವಳಿಗೆ ಅದೂ ಸರಿಯೆನಿಸಿತು.

ಅಂಗಡಿಯ ವಿಷಯದಲ್ಲಿ ಅವಳು ಏನೂ ಹೇಳಿರಲಿಲ್ಲ. ಆದರೂ ಒಂದು ದಿನ, ಹಳೆಯ ಗಿರಾಕಿಯೊಬ್ಬರು ಪುಡಿಯ ಪೊಟ್ಟಣವನ್ನು ಅವನ ಮುಖಕ್ಕೆ ಹಿಡಿದು "ಈ ಸಲ ಪರಿಮಳ ಹೇಗಿದೆ ನೀವೇ ಹೇಳಿ" ಎಂದಾಗ, ವಾಗೀಶ "ನಂಗೆ ವಾಸನೆ ಗೊತ್ತಾಗಲ್ಲ ಸಾರ್, ನೀವೇ ಹೇಳಬೇಕು" ಎಂದುಬಿಟ್ಟ. ಮಹದೇವು ಹಿಂದಿನ ಕೋಣೆಯಿಂದ ಗಾಬರಿಯಾಗಿ ಬಂದ. ಅವರು ಹೋದ ಮೇಲೆ, "ಯಾಕ್ ಸಾ, ಸುಮ್ನೆ ಇರಬಾರದಾ? ನಾನಿರ್ಲಿಲ್ವಾ? ಈಗ ಊರೆಲ್ಲ ಏಳ್ಕೊಂಡು ಬರ್ತಾರೆ" ಎಂದು ರೇಗಿದ. ಊರೆಲ್ಲ ಸುದ್ದಿಯಾದದ್ದು ನಿಜ. ಒಂದಿಬ್ಬರು ಗಿರಾಕಿಗಳು ಬರುವುದು ನಿಲ್ಲಿಸಿದರು. ಉಳಿದವರು ಸ್ವಲ್ಪ ದಿನ ಅವನ ಮೂಗನ್ನೇ ನೋಡಿ, ಆಮೇಲೆ ಮರೆತರು. ಕೆಂಚಮ್ಮ ಮಾತ್ರ ದಿನಕ್ಕೊಂದು ಸಲ "ಸ್ವಾಮ್ಯೋರೇ, ಎಲ್ಲಾ ಸರ‍್ಯಾಗದೆ, ಏನೂ ಸೀದಿಲ್ಲ" ಎಂದು ಎದುರಿನಿಂದ ಕೂಗಿ ಹೇಳುವುದನ್ನು ರೂಢಿ ಮಾಡಿಕೊಂಡಳು.

ಮಾಘದ ಒಂದು ಭಾನುವಾರ. ಬಿಸಿಲು ಹಿತವಾಗಿತ್ತು, ಕೆರೆಯ ನಡುಗಡ್ಡೆಯ ಮರಗಳ ಮೇಲೆ ಕೊಕ್ಕರೆಗಳ ಗಲಾಟೆ. ವಾಗೀಶ ಕೇಳಿದ: "ಒಂದು ಕೇಳ್ಲಾ? ಆ ಸೆಂಟು ನಿಜವಾಗಿ ಹೇಗಿರುತ್ತೆ?"

ಅವಳಿಗೆ ಥಟ್ಟನೆ ಹೇಳಲಾಗಲಿಲ್ಲ. ಮಲ್ಲಿಗೆಯಂತಲ್ಲ. ಸೋಪಿನಂತೆ ಎಂದರೆ ತಪ್ಪಾಗುತ್ತದೆ. "ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ಇನ್ನೂ ರಂಗೋಲಿ ಬಿಟ್ಟಿರಲ್ಲ ನೋಡಿ" ಎಂದು ಶುರುಮಾಡಿದಳು. "ನೆಲ ತಣ್ಣಗಿರುತ್ತೆ. ಯಾರೂ ಇನ್ನೂ ತುಳಿದಿರಲ್ಲ. ಆ ಹೊತ್ತಿನಲ್ಲಿ ಪಕ್ಕದ ಗಿಡದಿಂದ ಒಂದು ಎಲೆ ಕಿತ್ತರೆ ಬರುತ್ತಲ್ಲ... ಹಾಗೆ. ಗೊತ್ತಾಯ್ತಾ?"

ವಾಗೀಶ ಕಣ್ಣು ಕಿರಿದು ಮಾಡಿ ಯೋಚಿಸಿದ. ಒಂದು ಕೊಕ್ಕರೆ ಎದ್ದು, ಸುತ್ತು ಹಾಕಿ, ಮತ್ತೆ ಕೂತಿತು.

"ಇಲ್ಲ. ಗೊತ್ತಾಗ್ಲಿಲ್ಲ" ಎಂದ.

ಶರಣ್ಯಾಳ ಎದೆಯಲ್ಲಿ ಎಷ್ಟೋ ತಿಂಗಳಿಂದ ಬಿಗಿದಿದ್ದದ್ದು ಸ್ವಲ್ಪ ಸಡಿಲಿತು. ಅವನ ಕೈಯಲ್ಲಿದ್ದ ಕಡಲೆಕಾಯಿ ಪೊಟ್ಟಣ ತೆಗೆದುಕೊಂಡು ಈ ಸಲ ತಾನೇ ಸಿಪ್ಪೆ ಬಿಡಿಸತೊಡಗಿದಳು.

ವೈಶಾಖದಲ್ಲಿ ಮದುವೆಯಾಯಿತು. ಛತ್ರ ಬೇಡವೆಂದರು, ರಿಜಿಸ್ಟ್ರಾರ್ ಆಫೀಸಿನಲ್ಲಿ ರುಜು, ಆಮೇಲೆ ಯಾದವಗಿರಿಯ ಮನೆಯಲ್ಲಿ ಊಟ. ಶರಣ್ಯಾಳ ಚಡಪಡಿಕೆ ಪೂರ್ತಿ ಹೋಗಿತ್ತೆಂದಲ್ಲ. ಹಿಂದಿನ ದಿನವೂ ಫೋನು ಮಾಡಿ, "ಇನ್ನೇನಾದ್ರೂ ಹೇಳೋದು ಉಳಿದಿದೆಯಾ?" ಎಂದು ಕೇಳಿದ್ದಳು. ಅವನು ನಿಧಾನವಾಗಿ ಯೋಚಿಸ್ತೀನಿ ಎಂದು ಫೋನಿಟ್ಟು, ಒಂದು ಗಂಟೆ ಬಿಟ್ಟು ತಾನೇ ಮಾಡಿ "ಇಲ್ಲ" ಎಂದಿದ್ದ.

ಅವಳು ಅಮ್ಮ ಇಷ್ಟಪಟ್ಟು ಆರಿಸಿದ ಸಾಸಿವೆ ಬಣ್ಣದ ರೇಷ್ಮೆ ಸೀರೆ ಉಟ್ಟು, ಕುತ್ತಿಗೆಗೂ ಮಣಿಕಟ್ಟಿಗೂ ಸೆಂಟು ಹಾಕಿಕೊಂಡು ಆಫೀಸಿನ ಮುಂದೆ ಆಟೋ ಇಳಿದಳು. ನಾಗಮಣಿ ಬಂದು ಕೈ ಹಿಡಿದು, ಉಸಿರೆಳೆದುಕೊಂಡು ಕಣ್ಣರಳಿಸಿದರು. ಹಿಂದೆ ನಿಂತಿದ್ದ ವಾಗೀಶನನ್ನು ನೋಡಿ ಶರಣ್ಯಾ ಕೇಳಿದಳು: "ಸೀರೆ ಹೇಗಿದೆ?"

ಅವನು ಮೇಲಿಂದ ಕೆಳಗೆ ನೋಡಿದ. ಹೊತ್ತು ತೆಗೆದುಕೊಂಡ.

"ನಿಮಗೆ ಈ ಬಣ್ಣ ಹೊಂದಲ್ಲ" ಎಂದ.

"ಥೂ, ಇವತ್ತಾದ್ರೂ ಸುಮ್ನಿರೋ!" ಎಂದು ನಾಗಮಣಿ ಅವನ ಬೆನ್ನಿಗೊಂದು ಬಿಟ್ಟರು. ಶಾರದ ಮುಖ ಊದಿಸಿಕೊಂಡರು. ಶರಣ್ಯಾಳಿಗೂ ನಿಜವಾಗಿ ಕೋಪ ಬಂತು. ರುಜು ಹಾಕುವಾಗಲೂ ಅವನ ಕಡೆ ನೋಡಲಿಲ್ಲ, ಊಟಕ್ಕೆ ಕೂತಾಗಲೂ ಮಾತಾಡಲಿಲ್ಲ. ಪಾಯಸ ಬಡಿಸುವ ಹೊತ್ತಿಗೆ, ಎದುರಿನ ಕನ್ನಡಿಯಲ್ಲಿ ತನ್ನನ್ನು ಕಂಡು, ಅವನು ಹೇಳಿದ್ದು ಸರಿಯೇ ಎನ್ನಿಸಿ, ಎಲೆಯ ಮೇಲೆ ಬಾಗಿ ಒಬ್ಬಳೇ ನಗತೊಡಗಿದಳು.